ರಿಸಾಲ್ವ್ ಆರ್ಕೈವ್ ಅರ್ಧಕ್ಕೇ ನಿಲ್ಲುತ್ತಿದೆಯಾ? ದೋಷ ಎಲ್ಲಿದೆ ಅಂತ ಹುಡುಕುವ ಕೈಪಿಡಿ

ಎಡಿಟ್ ಮುಗಿದಿದೆ, ಫೈನಲ್ ವಿಡಿಯೊ ಕೊಟ್ಟಾಗಿದೆ. ಈಗ ಇಡೀ ಪ್ರಾಜೆಕ್ಟನ್ನು ಹೊರಗಿನ ಹಾರ್ಡ್ ಡಿಸ್ಕ್‌ಗೆ ಸಾಗಿಸಿ ಕಂಪ್ಯೂಟರಿನಲ್ಲಿ ಜಾಗ ಮಾಡಿಕೊಳ್ಳಬೇಕು. ಡಾವಿಂಚಿ ರಿಸಾಲ್ವ್ ಅನ್ನುವ ವಿಡಿಯೊ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಇದಕ್ಕೆ ದಾರಿ ಸುಲಭ. ಪ್ರಾಜೆಕ್ಟ್ ಮ್ಯಾನೇಜರ್ ತೆರೆದು, ಪ್ರಾಜೆಕ್ಟ್ ಮೇಲೆ ರೈಟ್ ಕ್ಲಿಕ್ ಮಾಡಿ, ‘ಎಕ್ಸ್‌ಪೋರ್ಟ್ ಪ್ರಾಜೆಕ್ಟ್ ಆರ್ಕೈವ್’ ಒತ್ತಿದರೆ ಆಯಿತು. ಆದರೆ ಎಷ್ಟೋ ಸಲ ಬಾರ್ ಅರ್ಧ ದೂರ ಹೋಗಿ ನಿಂತುಬಿಡುತ್ತದೆ, ಇಲ್ಲವೇ ಏನೂ ಅರ್ಥವಾಗದ ಎರರ್ ಬರುತ್ತದೆ. ಇದಕ್ಕಿಂತ ಕೆಟ್ಟದ್ದೊಂದಿದೆ. ಯಾವ ತಕರಾರೂ ಇಲ್ಲದೆ ಆರ್ಕೈವ್ ಮುಗಿಯುತ್ತದೆ, ಆರು ತಿಂಗಳು ಕಳೆದು ತೆರೆದರೆ ಅರ್ಧ ಟೈಮ್‌ಲೈನ್ ಕೆಂಪಗೆ ‘ಮೀಡಿಯಾ ಆಫ್‌ಲೈನ್’ ಅನ್ನುತ್ತದೆ.

ಎರರ್ ಸಂದೇಶ ಓದಿ ಕಾರಣ ಹುಡುಕಲು ಹೊರಟರೆ ಸಮಯ ಹಾಳು. ಆ ಸಂದೇಶಗಳು ಹೇಳುವುದು ತುಂಬಾ ಕಡಿಮೆ. ಕೆಲಸ ಎಲ್ಲಿ ನಿಂತಿತು, ಮತ್ತೆ ಮಾಡಿದಾಗ ಅಲ್ಲೇ ನಿಂತಿತಾ ಅನ್ನುವುದು ಜಾಸ್ತಿ ಹೇಳುತ್ತದೆ. ಈ ಕೈಪಿಡಿ ಪೂರ್ತಿ ಆ ಒಂದು ವಿಷಯದ ಮೇಲೆ ನಿಂತಿದೆ.

ಮೊದಲು, ಆರ್ಕೈವ್ ಅಂದರೆ ಏನು

ಆರ್ಕೈವ್ ಮಾಡಿದಾಗ ಸಿಗುವುದು ಡಿಆರ್‌ಎ ಅಂತ ಕೊನೆಯಾಗುವ ಒಂದು ಫೋಲ್ಡರ್. ಅದರೊಳಗೆ ಡಿಆರ್‌ಪಿ ಅನ್ನುವ ಪ್ರಾಜೆಕ್ಟ್ ಫೈಲ್ ಇರುತ್ತದೆ, ಪಕ್ಕದಲ್ಲಿ ‘ಮೀಡಿಯಾಫೈಲ್ಸ್’ ಅನ್ನುವ ಫೋಲ್ಡರ್ ಇರುತ್ತದೆ. ಟೈಮ್‌ಲೈನ್, ಕಟ್, ಕಲರ್ ಎಲ್ಲ ಡಿಆರ್‌ಪಿಯಲ್ಲಿದೆ. ವಿಡಿಯೊ, ಆಡಿಯೊ, ಫೋಟೊ ಎರಡನೆಯದರಲ್ಲಿವೆ.

ಇಲ್ಲೇ ಒಂದು ಸಾಮಾನ್ಯ ಗೊಂದಲ ಶುರುವಾಗುತ್ತದೆ. ‘ಎಕ್ಸ್‌ಪೋರ್ಟ್ ಪ್ರಾಜೆಕ್ಟ್’ ಅನ್ನುವ ಇನ್ನೊಂದು ಆಯ್ಕೆ ಅದೇ ಮೆನುವಿನಲ್ಲಿದೆ. ಅದು ಬರೀ ಡಿಆರ್‌ಪಿ ಕೊಡುತ್ತದೆ. ಎರಡು ಗಂಟೆಯ ಪ್ರಾಜೆಕ್ಟ್ ಕೆಲವೇ ಸೆಕೆಂಡಿನಲ್ಲಿ ‘ಆರ್ಕೈವ್’ ಆಯಿತು, ಫೈಲ್ ಕೆಲವು ಎಂಬಿ ಮಾತ್ರ ಇದೆ ಅಂದರೆ ನಿಮ್ಮ ಹತ್ತಿರ ಇರುವುದು ಡಿಆರ್‌ಪಿ. ವಿಡಿಯೊ ಒಂದೂ ಅದರಲ್ಲಿಲ್ಲ. ಮೂಲ ಫೈಲ್‌ಗಳನ್ನು ಅಳಿಸುವ ಮುಂಚೆ ಇದೊಂದನ್ನು ದಯವಿಟ್ಟು ನೋಡಿಕೊಳ್ಳಿ.

ಎರಡು ಪರೀಕ್ಷೆ

ದೋಷ ಇರಬಹುದಾದ ಜಾಗ ಮೂರು: ಮೂಲದ ಫೈಲ್‌ಗಳು, ಬರೆಯುವ ಡಿಸ್ಕ್, ನಡುವಿನ ಕೇಬಲ್ ಮತ್ತು ಪೋರ್ಟ್. ಯಾವುದು ಅಂತ ಬೇರೆ ಮಾಡಲು ಎರಡು ಸಣ್ಣ ಪರೀಕ್ಷೆ ಸಾಕು.

ಒಂದು, ಹೊಸ ಪ್ರಾಜೆಕ್ಟ್ ಮಾಡಿ. ಒಂದು ಜಿಬಿಗಿಂತ ಚಿಕ್ಕದಾದ ಒಂದೇ ಕ್ಲಿಪ್ ಹಾಕಿ. ಅದನ್ನು ಅದೇ ಹೊರಗಿನ ಡಿಸ್ಕ್‌ಗೆ ಆರ್ಕೈವ್ ಮಾಡಿ. ಇದೂ ಆಗಲಿಲ್ಲ ಅಂದರೆ ನಿಮ್ಮ ಪ್ರಾಜೆಕ್ಟ್‌ನಲ್ಲಿ ತಪ್ಪಿಲ್ಲ. ಡಿಸ್ಕ್, ಕೇಬಲ್ ಅಥವಾ ಅನುಮತಿಯ ಸಮಸ್ಯೆ.

ಎರಡು, ತೊಂದರೆ ಕೊಡುತ್ತಿರುವ ಪ್ರಾಜೆಕ್ಟನ್ನು ಬೇರೆ ಡಿಸ್ಕ್‌ಗೆ ಆರ್ಕೈವ್ ಮಾಡಿ. ಕಂಪ್ಯೂಟರಿನ ಒಳಗಿನ ಡಿಸ್ಕ್ ಆದರೆ ಒಳ್ಳೆಯದು. ಅಲ್ಲೂ ನಿಂತರೆ ದೋಷ ಮೂಲದಲ್ಲಿದೆ. ಅಷ್ಟು ಜಾಗ ಇಲ್ಲದಿದ್ದರೆ ಪ್ರಾಜೆಕ್ಟಿನ ನಕಲು ಮಾಡಿಕೊಂಡು, ನಕಲಿನಲ್ಲಿ ಅರ್ಧ ಬಿನ್‌ಗಳನ್ನು (ರಿಸಾಲ್ವ್ ಒಳಗೆ ಕ್ಲಿಪ್ ಇಡುವ ಫೋಲ್ಡರ್‌ಗಳನ್ನು) ತೆಗೆದು ಆರ್ಕೈವ್ ಮಾಡಿ. ಮೀಡಿಯಾ ಪೂಲ್‌ನಿಂದ, ಅಂದರೆ ಪ್ರಾಜೆಕ್ಟ್‌ಗೆ ತಂದ ಎಲ್ಲ ಕ್ಲಿಪ್‌ಗಳ ಪಟ್ಟಿಯಿಂದ, ಕ್ಲಿಪ್ ತೆಗೆದರೆ ಡಿಸ್ಕ್‌ನಲ್ಲಿರುವ ಫೈಲ್ ಅಳಿಯುವುದಿಲ್ಲ, ಹೆದರಬೇಡಿ. ಈ ಅರ್ಧ ಸರಿಯಾಗಿ ಹೋದರೆ ದೋಷ ಇನ್ನೊಂದು ಅರ್ಧದಲ್ಲಿದೆ. ಹೀಗೆ ಅರ್ಧ, ಕಾಲು, ಅರೆಕಾಲು ಅಂತ ಹೋದರೆ ನೂರಾರು ಕ್ಲಿಪ್ ಇದ್ದರೂ ಬೇಗ ಒಂದು ಫೈಲಿಗೆ ಬಂದು ನಿಲ್ಲುತ್ತೀರಿ.

ಈಗ ಮುಖ್ಯ ಮಾತು. ನಿಂತುಹೋದ ಆರ್ಕೈವ್ ಫೋಲ್ಡರ್ ಡಿಸ್ಕ್‌ನಲ್ಲಿ ಉಳಿದಿದ್ದರೆ ಅದನ್ನು ತೆರೆಯಿರಿ. ಫೈಲ್‌ಗಳನ್ನು ಸಮಯದ ಪ್ರಕಾರ ಜೋಡಿಸಿ, ಕೊನೆಗೆ ಬರೆದ ಫೈಲ್ ಯಾವುದು ಅಂತ ಗುರುತು ಹಾಕಿಕೊಳ್ಳಿ. ಫೋಲ್ಡರ್ ಅಳಿಸಿ ಮತ್ತೆ ಆರ್ಕೈವ್ ಮಾಡಿ. ಎರಡನೇ ಸಲವೂ ಅದೇ ಫೈಲ್‌ನಲ್ಲಿ ನಿಂತರೆ ತೊಂದರೆ ಆ ಫೈಲ್‌ನದು: ಅದರ ಗಾತ್ರ, ಹೆಸರು, ಅಥವಾ ಅದು ಕೂತಿರುವ ಜಾಗ. ಪ್ರತಿ ಸಲ ಬೇರೆ ಬೇರೆ ಕಡೆ ನಿಂತರೆ ಕೇಬಲ್, ಪೋರ್ಟ್, ಪವರ್ ಅಥವಾ ಸಾಯುತ್ತಿರುವ ಡಿಸ್ಕ್. ಇದೊಂದು ವ್ಯತ್ಯಾಸ ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ.

ಒಂದೇ ಕಡೆ ನಿಲ್ಲುತ್ತಿದ್ದರೆ: ಮೊದಲು ಗಾತ್ರ ನೋಡಿ

ಆ ಫೈಲ್ 4 ಜಿಬಿಗಿಂತ ದೊಡ್ಡದಾ? ಹಾಗಿದ್ದರೆ ಡಿಸ್ಕಿನ ಫಾರ್ಮ್ಯಾಟ್ ನೋಡಿ. ಫ್ಯಾಟ್32 ಆಗಿದ್ದರೆ ಕಾರಣ ಸಿಕ್ಕಿತು. ಫ್ಯಾಟ್32ನಲ್ಲಿ ಒಂದು ಫೈಲ್ 4 ಜಿಬಿ ಮುಟ್ಟುವಂತಿಲ್ಲ, ಡಿಸ್ಕ್‌ನಲ್ಲಿ ಎಷ್ಟೇ ಜಾಗ ಖಾಲಿ ಇರಲಿ. ಸೆಕೆಂಡಿಗೆ 100 ಮೆಗಾಬಿಟ್‌ನಲ್ಲಿ 4ಕೆ ಶೂಟ್ ಮಾಡಿದರೆ ಆರು ನಿಮಿಷ ಆಗುವ ಮೊದಲೇ 4 ಜಿಬಿ ತುಂಬುತ್ತದೆ. ಚಿಕ್ಕ ಚಿಕ್ಕ ಕ್ಲಿಪ್‌ಗಳಿರುವ ಪ್ರಾಜೆಕ್ಟ್ ಅದೇ ಡಿಸ್ಕ್‌ಗೆ ಸಲೀಸಾಗಿ ಹೋಗಿರುತ್ತದೆ. ರಾತ್ರಿಯಿಡೀ ನಡೆದ ಬಯಲಾಟದ ರೆಕಾರ್ಡಿಂಗ್ ಬಂದಾಗ ಮಾತ್ರ ನಿಲ್ಲುತ್ತದೆ. ಹಾಗಾಗಿ ‘ಹೋದ ತಿಂಗಳು ಇದೇ ಡಿಸ್ಕ್ ಸರಿ ಇತ್ತು’ ಅನ್ನುವ ವಾದ ಇಲ್ಲಿ ನಿಲ್ಲುವುದಿಲ್ಲ.

ಟಿವಿಗೆ ಹಾಕಿ ನೋಡಲು ಅಂತ ಯಾರೋ ಫಾರ್ಮ್ಯಾಟ್ ಮಾಡಿದ ಡಿಸ್ಕ್, 32 ಜಿಬಿ ಅಥವಾ ಅದಕ್ಕಿಂತ ಚಿಕ್ಕ ಪೆನ್‌ಡ್ರೈವ್, ಇವು ಸಾಮಾನ್ಯವಾಗಿ ಫ್ಯಾಟ್32 ಇರುತ್ತವೆ. ವಿಂಡೋಸ್‌ನಲ್ಲಿ ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ನೋಡಿದರೆ ಗೊತ್ತಾಗುತ್ತದೆ. ಮ್ಯಾಕ್‌ನಲ್ಲಿ ಡಿಸ್ಕ್ ಯುಟಿಲಿಟಿ ತೋರಿಸುತ್ತದೆ.

ಪರಿಹಾರ ಫಾರ್ಮ್ಯಾಟ್ ಬದಲಿಸುವುದು. ಬದಲಿಸಿದರೆ ಡಿಸ್ಕ್‌ನಲ್ಲಿರುವುದೆಲ್ಲ ಹೋಗುತ್ತದೆ, ಅದನ್ನು ಮೊದಲು ಬೇರೆ ಕಡೆ ಇಟ್ಟುಕೊಳ್ಳಿ. ಬರೀ ವಿಂಡೋಸ್ ಬಳಸುವವರಿಗೆ ಎನ್‌ಟಿಎಫ್‌ಎಸ್ ಒಳ್ಳೆಯದು. ಬರೀ ಮ್ಯಾಕ್ ಆದರೆ ಎಪಿಎಫ್‌ಎಸ್ ಅಥವಾ ಹಳೆಯ ಎಚ್‌ಎಫ್‌ಎಸ್ ಪ್ಲಸ್. ಎರಡೂ ಕಡೆ ಓಡಾಡುವ ಡಿಸ್ಕ್‌ಗೆ ಎಕ್ಸ್‌ಫ್ಯಾಟ್. ಎಕ್ಸ್‌ಫ್ಯಾಟ್‌ಗೆ ಒಂದು ದೌರ್ಬಲ್ಯವಿದೆ: ಬರೆಯುವಾಗ ಕೇಬಲ್ ಕಿತ್ತರೆ ಸಂಭಾಳಿಸಿಕೊಳ್ಳುವ ಜರ್ನಲ್ ವ್ಯವಸ್ಥೆ ಅದರಲ್ಲಿಲ್ಲ. ಇಜೆಕ್ಟ್ ಮಾಡದೆ ಕೀಳುವ ಅಭ್ಯಾಸ ಇರುವ ಆಫೀಸಿನಲ್ಲಿ ಅದನ್ನು ನಾನು ಒಪ್ಪುವುದಿಲ್ಲ. ಇನ್ನು ಎನ್‌ಟಿಎಫ್‌ಎಸ್ ಡಿಸ್ಕನ್ನು ಮ್ಯಾಕ್ ಓದುತ್ತದೆ, ಬರೆಯುವುದಿಲ್ಲ. ಡಿಸ್ಕ್ ಕಾಣುತ್ತದೆ, ಹಳೆಯ ಫೈಲ್‌ಗಳು ತೆರೆಯುತ್ತವೆ, ಆರ್ಕೈವ್ ಮಾತ್ರ ಶುರುವೇ ಆಗುವುದಿಲ್ಲ ಅಂದರೆ ಇದೇ ಕಾರಣ.

ಜಾಗದ ಲೆಕ್ಕವನ್ನೂ ಇಲ್ಲೇ ಮುಗಿಸಿಬಿಡೋಣ. 100 ಮೆಗಾಬಿಟ್ ಅಂದರೆ ಗಂಟೆಗೆ 45 ಜಿಬಿ. ಎಂಟು ಗಂಟೆಯ ಆಟ, ಎರಡು ಕ್ಯಾಮೆರಾ: 720 ಜಿಬಿ. 1 ಟಿಬಿ ಅಂತ ಬರೆದಿರುವ ಡಿಸ್ಕನ್ನು ವಿಂಡೋಸ್ 931 ಜಿಬಿ ಅಂತ ತೋರಿಸುತ್ತದೆ. ಯಾರೂ ಮೋಸ ಮಾಡಿಲ್ಲ, ಎಣಿಸುವ ರೀತಿ ಬೇರೆ. ಆರ್ಕೈವ್ ಟೈಮ್‌ಲೈನ್‌ನಲ್ಲಿ ಬಳಸಿದ್ದನ್ನಷ್ಟೇ ಅಲ್ಲ, ಮೀಡಿಯಾ ಪೂಲ್‌ನಲ್ಲಿರುವುದನ್ನೆಲ್ಲ ಒಯ್ಯುತ್ತದೆ. ಆರ್ಕೈವ್ ಡೈಲಾಗ್‌ನಲ್ಲಿ ರೆಂಡರ್ ಕ್ಯಾಶ್ (ಸಲೀಸಾಗಿ ಪ್ಲೇ ಆಗಲೆಂದು ರಿಸಾಲ್ವ್ ಮಾಡಿಟ್ಟ ತಾತ್ಕಾಲಿಕ ಫೈಲ್‌ಗಳು) ಮತ್ತು ಪ್ರಾಕ್ಸಿಗೆ (ಎಡಿಟ್‌ಗೆ ಬಳಸುವ ಹಗುರ ನಕಲುಗಳು) ಟಿಕ್ ಇದ್ದರೆ ಅವೂ ಸೇರುತ್ತವೆ. ರೆಂಡರ್ ಕ್ಯಾಶ್ ಮತ್ತೆ ಹುಟ್ಟಿಸಬಹುದಾದದ್ದು, ಆ ಟಿಕ್ ತೆಗೆದುಬಿಡಿ. ಬಳಸಿದ ಕ್ಲಿಪ್‌ಗಳಷ್ಟೇ ಸಾಕು ಅನ್ನುವವರಿಗೆ ಫೈಲ್ ಮೆನುವಿನ ‘ಮೀಡಿಯಾ ಮ್ಯಾನೇಜ್‌ಮೆಂಟ್’ ಬೇರೆ ದಾರಿ. ಅಲ್ಲಿ ‘ಮೂವ್’ ಆರಿಸಬೇಡಿ, ‘ಕಾಪಿ’ ಆರಿಸಿ. ನಡುವೆ ಕರೆಂಟ್ ಹೋದರೂ ಮೂಲ ಫೈಲ್ ಇದ್ದಲ್ಲೇ ಇರುತ್ತದೆ.

ಗಾತ್ರ ಸರಿ ಇದೆ, ಆದರೂ ಅದೇ ಫೈಲ್: ಹೆಸರು ನೋಡಿ

ಕನ್ನಡದಲ್ಲಿ ಫೈಲ್‌ಗೆ ಹೆಸರಿಡುವ ನಮಗೆ ಈ ಭಾಗ ಮುಖ್ಯ, ಇದರ ಬಗ್ಗೆ ಯಾರೂ ಸರಿಯಾಗಿ ಹೇಳುವುದಿಲ್ಲ.

‘ಕೋಟ_ಬಯಲಾಟ’ ಅಂತ ಒಂದು ಫೋಲ್ಡರ್ ಇದೆ ಅನ್ನೋಣ. ಅದರ ‘ಕೋ’ದಲ್ಲಿರುವ ಓತ್ವವನ್ನು ಯುನಿಕೋಡ್ (ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ವ್ಯವಸ್ಥೆ) ಎರಡು ರೀತಿ ಬರೆಯಲು ಬಿಡುತ್ತದೆ. ಇಡೀ ಗುರುತಿಗೆ ಒಂದೇ ಸಂಕೇತ ಕೊಡಬಹುದು. ಇಲ್ಲವೇ ಎತ್ವ, ಕೊಂಬಿನ ದೀರ್ಘ, ಕೊನೆಯ ದೀರ್ಘದ ಗುರುತು ಅಂತ ಬಿಡಿಸಿ ಮೂರು ಸಂಕೇತ ಕೊಡಬಹುದು. ತೆರೆಯ ಮೇಲೆ ಎರಡೂ ‘ಕೋ’ ಅಂತಲೇ ಕಾಣುತ್ತವೆ. ‘ಬೀದರ್_ಮದುವೆ’ಯ ‘ಬೀ’ ಕೂಡ ಹೀಗೇ. ಈತ್ವ, ಏತ್ವ, ಐತ್ವ, ಒತ್ವ, ಓತ್ವ ಎಲ್ಲಕ್ಕೂ ಇದು ಅನ್ವಯಿಸುತ್ತದೆ. ಮ್ಯಾಕ್‌ನ ಎಚ್‌ಎಫ್‌ಎಸ್ ಪ್ಲಸ್ ಫಾರ್ಮ್ಯಾಟ್ ಹೆಸರನ್ನು ಬಿಡಿಸಿ ಇಡುತ್ತದೆ. ವಿಂಡೋಸ್‌ನಲ್ಲಿ ಕೀಲಿಮಣೆಯಿಂದ ಟೈಪ್ ಮಾಡಿದ್ದು ಸಾಮಾನ್ಯವಾಗಿ ಕೂಡಿಸಿದ ರೂಪದಲ್ಲಿರುತ್ತದೆ. ಮ್ಯಾಕ್‌ನಿಂದ ಬಂದ ಫೋಲ್ಡರ್ ವಿಂಡೋಸ್‌ನಲ್ಲಿ ಕಣ್ಣಿಗೆ ಅದೇ ಹೆಸರು, ಕಂಪ್ಯೂಟರಿಗೆ ಬೇರೆ ಹೆಸರು. ರಿಸಾಲ್ವ್ ಹುಡುಕುವ ಪಾತ್ (ಫೈಲಿನ ಪೂರ್ತಿ ವಿಳಾಸ) ಬೇರೆ, ಡಿಸ್ಕ್‌ನಲ್ಲಿರುವ ಪಾತ್ ಬೇರೆ. ಫಲ, ಫೈಲ್ ಕಣ್ಣೆದುರೇ ಇದ್ದರೂ ಆಫ್‌ಲೈನ್.

ಇದನ್ನು ಗುರುತಿಸುವುದು ಹೇಗೆ? ವಿಂಡೋಸ್‌ನಲ್ಲಿ ಅದೇ ಜಾಗದಲ್ಲಿ ಅದೇ ಹೆಸರನ್ನು ಟೈಪ್ ಮಾಡಿ ಹೊಸ ಖಾಲಿ ಫೋಲ್ಡರ್ ಮಾಡಿ ನೋಡಿ. ಒಂದೇ ಹೆಸರಿನ ಎರಡು ಫೋಲ್ಡರ್ ಪಕ್ಕಪಕ್ಕ ಕೂತರೆ ರೋಗ ಇದೇ.

ಎರಡನೇ ತೊಂದರೆ ಉದ್ದದ್ದು. ಎನ್‌ಎಎಸ್‌ಗೆ, ಅಂದರೆ ನೆಟ್‌ವರ್ಕ್‌ಗೆ ಸೇರಿಸಿದ ಡಿಸ್ಕ್ ಪೆಟ್ಟಿಗೆಗೆ, ಆರ್ಕೈವ್ ಮಾಡುವವರು ಗಮನಿಸಿ. ಅಂಥ ಪೆಟ್ಟಿಗೆಗಳಲ್ಲಿ ಹೆಚ್ಚಿನವು ಲಿನಕ್ಸ್ ಮೇಲೆ ನಡೆಯುತ್ತವೆ. ಅಲ್ಲಿ ಒಂದು ಫೈಲ್ ಹೆಸರಿಗೆ 255 ಬೈಟ್ ಮಿತಿ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೇಕು. ‘ಲಕ್ಷ್ಮೀ’ ಅನ್ನುವುದು ನಮಗೆ ಎರಡೇ ಅಕ್ಷರ. ಕಂಪ್ಯೂಟರಿಗೆ ಅದು ಏಳು ಸಂಕೇತ, 21 ಬೈಟ್. ವಧುವರರ ಹೆಸರು, ಊರು, ತಾರೀಖು, ಛತ್ರದ ಹೆಸರು ಎಲ್ಲ ಕನ್ನಡದಲ್ಲಿ ಬರೆದರೆ 85 ಸಂಕೇತ ಮುಗಿಯುವುದು ಗೊತ್ತೇ ಆಗುವುದಿಲ್ಲ. ಇದೇ ಹೆಸರು ವಿಂಡೋಸ್ ಡಿಸ್ಕ್‌ನಲ್ಲಿ ಆರಾಮಾಗಿ ಕೂತಿರುತ್ತದೆ, ಯಾಕೆಂದರೆ ಅಲ್ಲಿ ಮಿತಿ ಬೈಟ್ ಲೆಕ್ಕದಲ್ಲಿಲ್ಲ.

ಮೂರನೆಯದು ಪಾತ್‌ನ ಉದ್ದ. ವಿಂಡೋಸ್‌ನಲ್ಲಿ ಇಡೀ ವಿಳಾಸಕ್ಕೆ 260 ಅಕ್ಷರದ ಹಳೆಯ ಮಿತಿ ಇದೆ, ಎಷ್ಟೋ ಪ್ರೋಗ್ರಾಂಗಳು ಈಗಲೂ ಅದಕ್ಕೆ ಕಟ್ಟುಬಿದ್ದಿವೆ. ಆರ್ಕೈವ್ ಮಾಡುವಾಗ ರಿಸಾಲ್ವ್ ಮೂಲದ ಫೋಲ್ಡರ್ ಸಾಲನ್ನು ಹಾಗೇ ‘ಮೀಡಿಯಾಫೈಲ್ಸ್’ ಒಳಗೆ ಮರುಸೃಷ್ಟಿಸುತ್ತದೆ. ಅಂದರೆ ಹೊಸ ಪಾತ್ ಯಾವಾಗಲೂ ಹಳೆಯದಕ್ಕಿಂತ ಉದ್ದ. ಡಿಸ್ಕಿನ ಬೇರಿನಲ್ಲೇ, ಅಂದರೆ ಯಾವ ಫೋಲ್ಡರ್ ಒಳಗೂ ಹೋಗದೆ, ಚಿಕ್ಕ ಹೆಸರಿನಲ್ಲಿ ಆರ್ಕೈವ್ ಮಾಡಿ ನೋಡಿ. ಈಗ ಹೋದರೆ ಕಾರಣ ಅದೇ.

ಮ್ಯಾಕ್‌ನಲ್ಲಿ ಹೆಸರಿಟ್ಟವರು ಪ್ರಶ್ನಾರ್ಥಕ ಚಿಹ್ನೆ, ಉದ್ಧರಣ ಚಿಹ್ನೆ, ನಕ್ಷತ್ರ ಚಿಹ್ನೆ ಬಳಸಿದ್ದರೆ ಎಕ್ಸ್‌ಫ್ಯಾಟ್ ಮತ್ತು ಎನ್‌ಟಿಎಫ್‌ಎಸ್ ಡಿಸ್ಕ್‌ನಲ್ಲಿ ಅವು ನಡೆಯುವುದಿಲ್ಲ. ಹೆಸರಿನ ಕೊನೆಯಲ್ಲಿ ಉಳಿದ ಸ್ಪೇಸ್ ಕೂಡ ಕಾಟ ಕೊಡುತ್ತದೆ, ಕಣ್ಣಿಗಂತೂ ಕಾಣುವುದಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಡಿಸ್ಕ್‌ನಲ್ಲಿರುವ ಫೈಲ್ ಮತ್ತು ಫೋಲ್ಡರ್‌ಗೆ ರೋಮನ್ ಅಕ್ಷರ, ಅಂಕಿ, ಅಡಿಗೆರೆ ಇಷ್ಟೇ ಸಾಕು. ಕನ್ನಡ ಹೆಸರನ್ನು ರಿಸಾಲ್ವ್ ಒಳಗೆ ಕ್ಲಿಪ್ ನೇಮ್ ಆಗಿ ಕೊಡಿ. ಕ್ಲಿಪ್ ನೇಮ್ ಬೇರೆ, ಫೈಲ್ ನೇಮ್ ಬೇರೆ. ಮೊದಲನೆಯದನ್ನು ಬದಲಿಸಿದರೆ ಡಿಸ್ಕ್‌ನಲ್ಲಿ ಏನೂ ಬದಲಾಗುವುದಿಲ್ಲ, ಹುಡುಕಲು ಕನ್ನಡವೂ ಸಿಗುತ್ತದೆ. ಈಗಾಗಲೇ ಕನ್ನಡ ಹೆಸರಿನಲ್ಲಿ ಎಡಿಟ್ ಆಗಿದ್ದರೆ ಫೋಲ್ಡರ್ ಹೆಸರು ಬದಲಿಸಿ, ಆಮೇಲೆ ಮೀಡಿಯಾ ಪೂಲ್‌ನಲ್ಲಿ ಕ್ಲಿಪ್‌ಗಳನ್ನು ಆರಿಸಿ ‘ರೀಲಿಂಕ್’ ಮಾಡಿ, ಅಂದರೆ ಫೈಲ್ ಈಗ ಎಲ್ಲಿದೆ ಅಂತ ತೋರಿಸಿ.

ರೀಲಿಂಕ್ ಮಾಡುವಾಗ ಒಂದು ಎಚ್ಚರ. ಎಷ್ಟೋ ಕ್ಯಾಮೆರಾಗಳು ಪ್ರತಿ ಕಾರ್ಡ್ ಫಾರ್ಮ್ಯಾಟ್ ಆದಾಗ ಸಿ0001 ಅಂತಲೇ ಶುರು ಮಾಡುತ್ತವೆ. ಎರಡು ಕಾರ್ಡ್‌ನ ಸಿ0001 ಒಂದೇ ಮೇಲಿನ ಫೋಲ್ಡರಿನಲ್ಲಿದ್ದರೆ ಮುಹೂರ್ತದ ಜಾಗದಲ್ಲಿ ಊಟದ ಪಂಕ್ತಿ ಬಂದು ಕೂರಬಹುದು. ಕೆಂಪು ಬಣ್ಣ ಇರುವುದಿಲ್ಲವಾದ್ದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಕಾರ್ಡ್‌ಗೊಂದು ಫೋಲ್ಡರ್ ಇಟ್ಟು, ಒಂದೊಂದನ್ನೇ ರೀಲಿಂಕ್ ಮಾಡಿ.

ಫೈಲ್ ಅಲ್ಲೇ ಇದೆ ಅನಿಸುತ್ತದೆ, ನಿಜಕ್ಕೂ ಇಲ್ಲ

ಗಾತ್ರ ಸರಿ, ಹೆಸರು ಸರಿ, ಆದರೂ ಅದೇ ಕ್ಲಿಪ್‌ನಲ್ಲಿ ನಿಲ್ಲುತ್ತಿದ್ದರೆ ಅದು ಕ್ಲೌಡ್‌ನಲ್ಲಿದೆಯಾ ನೋಡಿ. ವನ್‌ಡ್ರೈವ್, ಐಕ್ಲೌಡ್ ಇಂಥವು ಜಾಗ ಉಳಿಸಲು ಫೈಲನ್ನು ಮೇಲಕ್ಕೆ ಕಳಿಸಿ ಇಲ್ಲಿ ಬರೀ ಗುರುತು ಬಿಟ್ಟಿರುತ್ತವೆ. ಡೆಸ್ಕ್‌ಟಾಪ್ ಮತ್ತು ಡಾಕ್ಯುಮೆಂಟ್ಸ್‌ನಲ್ಲಿ ಹಾಡು, ಲೋಗೊ ಇಟ್ಟುಕೊಂಡವರಿಗೆ ಇದು ಜಾಸ್ತಿ ಆಗುತ್ತದೆ. ಹೆಸರಿನ ಪಕ್ಕ ಮೋಡದ ಚಿಹ್ನೆ ಕಂಡರೆ ಮೊದಲು ಪೂರ್ತಿ ಡೌನ್‌ಲೋಡ್ ಮಾಡಿಕೊಳ್ಳಿ.

ವಿಂಡೋಸ್ ‘ಸೈಕ್ಲಿಕ್ ರಿಡಂಡೆನ್ಸಿ ಚೆಕ್’ ಅಂತ ಹೇಳಿದರೆ ಆ ಫೈಲ್ ಕೂತಿರುವ ಜಾಗ ಓದಲು ಬರುತ್ತಿಲ್ಲ ಅಂತ ಅರ್ಥ. ಇಲ್ಲಿ ರಿಪೇರಿ ಟೂಲ್ ಓಡಿಸುವ ಆತುರ ಬೇಡ. ಆ ಡಿಸ್ಕ್‌ನಿಂದ ಬೇರೆ ಫೈಲ್‌ಗಳನ್ನೆಲ್ಲ ಮೊದಲು ಹೊರಗೆ ತನ್ನಿ. ವಿಂಡೋಸ್‌ನ ರಿಪೇರಿ ಟೂಲ್ ಚೆಕ್‌ಡಿಸ್ಕ್ ಆಮೇಲೆ. ಸಾಯುತ್ತಿರುವ ಡಿಸ್ಕ್‌ಗೆ ಗಂಟೆಗಟ್ಟಲೆ ಸ್ಕ್ಯಾನ್ ಹಾಕುವುದು ಉಳಿದಿದ್ದನ್ನೂ ಕಳೆದುಕೊಳ್ಳುವ ದಾರಿ.

ಬೇರೆ ಬೇರೆ ಕಡೆ ನಿಲ್ಲುತ್ತಿದ್ದರೆ

ಮೊದಲು ಕೇಬಲ್ ಬದಲಿಸಿ. ಸುಮ್ನೆ ಹೇಳುತ್ತಿಲ್ಲ, ಅಗ್ಗದ ಪರೀಕ್ಷೆ ಅದು. ಹಬ್ ಇದ್ದರೆ ತೆಗೆದು ಕಂಪ್ಯೂಟರಿನ ಪೋರ್ಟ್‌ಗೇ ಚುಚ್ಚಿ. ಡೆಸ್ಕ್‌ಟಾಪ್ ಆದರೆ ಮುಂದಿನ ಪೋರ್ಟ್ ಬಿಟ್ಟು ಮದರ್‌ಬೋರ್ಡ್‌ನ ಹಿಂದಿನ ಪೋರ್ಟ್ ಬಳಸಿ. ಚಿಕ್ಕ ಪೋರ್ಟಬಲ್ ಡಿಸ್ಕ್‌ಗಳು ಯುಎಸ್‌ಬಿಯಿಂದಲೇ ಪವರ್ ತೆಗೆದುಕೊಳ್ಳುತ್ತವೆ, ಪವರ್ ಕಡಿಮೆ ಆದರೆ ನಡುವೆ ಉದುರಿಹೋಗುತ್ತವೆ.

ವಿಂಡೋಸ್‌ನ ಈವೆಂಟ್ ವ್ಯೂವರ್ ಇಲ್ಲಿ ತುಂಬಾ ಉಪಯೋಗಕ್ಕೆ ಬರುತ್ತದೆ. ಸಿಸ್ಟಂ ಲಾಗ್‌ನಲ್ಲಿ ‘ಡಿಸ್ಕ್’ ಮೂಲದ ಸಾಲುಗಳನ್ನು, ಆರ್ಕೈವ್ ನಿಂತ ಹೊತ್ತಿಗೆ ಹೊಂದಿಸಿ ನೋಡಿ. 157 ಬಂದಿದ್ದರೆ ಡಿಸ್ಕ್ ಇದ್ದಕ್ಕಿದ್ದಂತೆ ಕಳಚಿಕೊಂಡಿದೆ: ಕೇಬಲ್ ಅಥವಾ ಪವರ್. 153 ಅಂದರೆ ಓದುಬರೆಹವನ್ನು ಮತ್ತೆ ಮತ್ತೆ ಪ್ರಯತ್ನಿಸಬೇಕಾಯಿತು. 7 ಅಂದರೆ ಡಿಸ್ಕ್‌ನಲ್ಲೇ ಕೆಟ್ಟ ಜಾಗವಿದೆ. ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಪ್ರೋಗ್ರಾಂನಲ್ಲಿ 05 ಮತ್ತು ಸಿ5 ಸಾಲುಗಳು (ಕೆಟ್ಟ ಜಾಗದ ಎಣಿಕೆ) ಏರುತ್ತಿದ್ದರೆ ಆ ಡಿಸ್ಕ್‌ಗೆ ಆರ್ಕೈವ್ ಮಾಡಲೇಬೇಡಿ.

ನಿಂತಿಲ್ಲ, ತೆವಳುತ್ತಿದೆ ಅನ್ನುವುದು ಬೇರೆ ಕಥೆ. ಯುಎಸ್‌ಬಿ 2.0 ಕೇಬಲ್ ಸಿಕ್ಕಿಸಿದ್ದರೆ ಸೆಕೆಂಡಿಗೆ 35 ಎಂಬಿ ಆಸುಪಾಸು ಸಿಗುತ್ತದೆ. ಆ 720 ಜಿಬಿಗೆ ಸುಮಾರು ಐದೂಮುಕ್ಕಾಲು ಗಂಟೆ ಬೇಕು. ಯುಎಸ್‌ಬಿ 3.0ನಲ್ಲಿ ಸಾಧಾರಣ ಹಾರ್ಡ್ ಡಿಸ್ಕ್ 120 ಎಂಬಿ ಕೊಟ್ಟರೆ ಒಂದು ಗಂಟೆ 40 ನಿಮಿಷ. ಚೆನ್ನಾಗಿ ಶುರುವಾಗಿ ಆಮೇಲೆ ಕುಸಿಯುವುದು ಎಸ್‌ಎಂಆರ್ (ಪಟ್ಟಿಗಳನ್ನು ಒಂದರ ಮೇಲೊಂದು ಒತ್ತಿ ಬರೆಯುವ) ಹಾರ್ಡ್ ಡಿಸ್ಕ್ ಮತ್ತು ಅಗ್ಗದ ಎಸ್‌ಎಸ್‌ಡಿಗಳ ಗುಣ. ಅವುಗಳ ವೇಗದ ಕ್ಯಾಶ್ ತುಂಬಿದ ಮೇಲೆ ಹಾಗಾಗುತ್ತದೆ. ಅದು ದೋಷವಲ್ಲ, ಕಾಯಬೇಕು. ಕಾಯುವಾಗ ಕಂಪ್ಯೂಟರ್ ನಿದ್ದೆಗೆ ಹೋಗದಂತೆ ಸೆಟ್ಟಿಂಗ್ ಬದಲಿಸಿ.

ಅತಿ ಕಡಿಮೆ ಬೆಲೆಗೆ ಸಿಕ್ಕ ದೊಡ್ಡ ಡ್ರೈವ್ ಆಗಿದ್ದರೆ ನಿಜವಾದ ಜಾಗ ಎಷ್ಟಿದೆ ಅಂತ ಪರೀಕ್ಷಿಸುವ ಎಚ್2ಟೆಸ್ಟ್‌ಡಬ್ಲ್ಯು ಪ್ರೋಗ್ರಾಂ ಓಡಿಸಿ. 2 ಟಿಬಿ ಅಂತ ಹೇಳಿಕೊಂಡು ಒಳಗೆ 64 ಜಿಬಿ ಇರುವ ನಕಲಿಗಳಿವೆ. ಅವು ಬರೆಯುವಾಗ ಸುಮ್ಮನೆ ಒಪ್ಪಿಕೊಳ್ಳುತ್ತವೆ, ಓದುವಾಗ ಏನೂ ಇರುವುದಿಲ್ಲ.

ಮೊದಲ ಪರೀಕ್ಷೆಯಲ್ಲೇ, ಅಂದರೆ ಒಂದು ಚಿಕ್ಕ ಕ್ಲಿಪ್ ಕೂಡ ಹೋಗಲಿಲ್ಲ ಅಂದವರಿಗೆ: ಮ್ಯಾಕ್‌ನಲ್ಲಿ ಪ್ರೈವಸಿ ಆ್ಯಂಡ್ ಸೆಕ್ಯುರಿಟಿಯಲ್ಲಿ ರಿಸಾಲ್ವ್‌ಗೆ ರಿಮೂವಬಲ್ ವಾಲ್ಯೂಮ್ ಅನುಮತಿ ಇದೆಯಾ, ವಿಂಡೋಸ್‌ನಲ್ಲಿ ಡಿಫೆಂಡರ್‌ನ ‘ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್’ ಅಡ್ಡ ಬರುತ್ತಿದೆಯಾ ನೋಡಿ.

ಮುಗಿದಿದೆ ಅಂದಿತು. ನಂಬಬಹುದಾ?

ಇನ್ನೂ ಇಲ್ಲ. ಮೂಲದ ಡಿಸ್ಕನ್ನು ಇಜೆಕ್ಟ್ ಮಾಡಿ, ಕೇಬಲ್ ತೆಗೆಯಿರಿ. ಮೂಲ ಕಂಪ್ಯೂಟರ್ ಒಳಗೇ ಇದ್ದರೆ ಆ ಫೋಲ್ಡರಿನ ಹೆಸರನ್ನು ತಾತ್ಕಾಲಿಕವಾಗಿ ಬದಲಿಸಿ. ಈಗ ಪ್ರಾಜೆಕ್ಟ್ ಮ್ಯಾನೇಜರ್‌ನ ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ ‘ರಿಸ್ಟೋರ್ ಪ್ರಾಜೆಕ್ಟ್ ಆರ್ಕೈವ್’ ಕೊಟ್ಟು, ಡಿಆರ್‌ಎ ಫೋಲ್ಡರನ್ನೇ ಆರಿಸಿ. ಮೂಲ ಕಣ್ಣೆದುರಿದ್ದಾಗ ಮಾಡಿದ ಪರೀಕ್ಷೆಗೆ ಬೆಲೆಯಿಲ್ಲ. ಕ್ಲಿಪ್ ಆರ್ಕೈವ್‌ನಿಂದ ಬಂತಾ, ಹಳೆಯ ಜಾಗದಿಂದ ಬಂತಾ ಅಂತ ಗೊತ್ತಾಗುವುದೇ ಇಲ್ಲ, ಅಲ್ವಾ?

ರಿಸ್ಟೋರ್ ಅಂದರೆ ಮೀಡಿಯಾ ವಾಪಸ್ ಕಾಪಿ ಆಗುತ್ತದೆ ಅಂತ ಕೆಲವರು ತಿಳಿದಿದ್ದಾರೆ. ಹಾಗಲ್ಲ. ಪ್ರಾಜೆಕ್ಟ್ ಆ ಡಿಆರ್‌ಎ ಒಳಗಿನ ಫೈಲ್‌ಗಳಿಗೇ ಕೊಂಡಿ ಹಾಕಿಕೊಳ್ಳುತ್ತದೆ. ಕೆಲಸ ಮುಂದುವರಿಸುವುದಿದ್ದರೆ ಫೋಲ್ಡರನ್ನು ವೇಗದ ಡಿಸ್ಕ್‌ಗೆ ಕಾಪಿ ಮಾಡಿ ಅಲ್ಲಿಂದ ರಿಸ್ಟೋರ್ ಮಾಡಿ.

ತೆರೆದ ಮೇಲೆ ಅಲ್ಲಲ್ಲಿ ಕ್ಲಿಕ್ ಮಾಡಿ ನೋಡಿದರೆ ಸಾಲದು. ಇಡೀ ಟೈಮ್‌ಲೈನನ್ನು ಕಡಿಮೆ ಗುಣಮಟ್ಟದಲ್ಲಿ ರೆಂಡರ್ ಹಾಕಿ. ಎಲ್ಲಾದರೂ ಫೈಲ್ ಕೆಟ್ಟಿದ್ದರೆ ರೆಂಡರ್ ಅಲ್ಲಿ ಎಡವುತ್ತದೆ. ಟೈಮ್‌ಲೈನ್‌ನಲ್ಲಿ ಬಳಸದ ಕ್ಲಿಪ್‌ಗಳಿಗೆ ಮೂಲ ಮತ್ತು ಪ್ರತಿಯ ಹ್ಯಾಷ್ (ಫೈಲಿನ ಬೆರಳಚ್ಚಿನಂಥ ಸಂಖ್ಯೆ) ಹೋಲಿಸಬೇಕು: ವಿಂಡೋಸ್‌ನಲ್ಲಿ ಸರ್ಟ್‌ಯುಟಿಲ್, ಮ್ಯಾಕ್‌ನಲ್ಲಿ ಶಾಸಮ್ ಜೊತೆಗೇ ಬರುತ್ತವೆ.

ಆರ್ಕೈವ್ ಒಯ್ಯದ ಕೆಲವು ವಸ್ತುಗಳಿವೆ. ಫಾಂಟ್, ಪ್ಲಗಿನ್, ನೀವೇ ಹಾಕಿಕೊಂಡ ಲಟ್ (ಬಣ್ಣ ಬದಲಿಸುವ ಸಿದ್ಧ ಫೈಲ್), ರಿಸಾಲ್ವ್‌ನ ಎಫೆಕ್ಟ್ಸ್ ಪುಟವಾದ ಫ್ಯೂಷನ್‌ನಲ್ಲಿ ಲೋಡರ್ ನೋಡ್ ಮೂಲಕ ತಂದ ಚಿತ್ರಗಳು. ಕನ್ನಡ ಟೈಟಲ್ ಇರುವ ಪ್ರಾಜೆಕ್ಟ್‌ಗೆ ಫಾಂಟ್ ದೊಡ್ಡ ವಿಷಯ. ನುಡಿ, ಬರಹದ ಹಳೆಯ ಆಸ್ಕಿ ಫಾಂಟ್‌ನಲ್ಲಿ ಟೈಟಲ್ ಮಾಡಿದ್ದರೆ ಒಳಗೆ ಇರುವುದು ರೋಮನ್ ಅಕ್ಷರಗಳ ಸಂಕೇತ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ‘ಶುಭ ವಿವಾಹ’ ಅನ್ನುವುದು ಅರ್ಥವಿಲ್ಲದ ರೋಮನ್ ಚಿಹ್ನೆಗಳ ಸಾಲಾಗುತ್ತದೆ. ಹಾಗೆ ಕಂಡರೆ ಆಸ್ಕಿ ಫಾಂಟ್ ಇಲ್ಲ ಅಂತ ತಿಳಿಯಿರಿ. ಖಾಲಿ ಚೌಕಗಳು ಕಂಡರೆ ಯುನಿಕೋಡ್ ಫಾಂಟ್ ಇಲ್ಲ. ಬಳಸಿದ ಫಾಂಟ್ ಮತ್ತು ಲಟ್ ಫೈಲ್‌ಗಳನ್ನು ಡಿಆರ್‌ಎ ಪಕ್ಕದಲ್ಲಿ ಒಂದು ಫೋಲ್ಡರ್ ಮಾಡಿ ಇಡಿ, ಡಿಆರ್‌ಎ ಒಳಗೆ ತುರುಕಬೇಡಿ.

ಜೊತೆಗೆ ರಿಸಾಲ್ವ್‌ನ ಆವೃತ್ತಿ ಬರೆದಿಡಿ. ಹೊಸ ಆವೃತ್ತಿಯಲ್ಲಿ ಮಾಡಿದ ಆರ್ಕೈವ್ ಹಳೆಯದರಲ್ಲಿ ತೆರೆಯುವುದಿಲ್ಲ. 19ರಲ್ಲಿ ಮಾಡಿದ್ದನ್ನು 18 ಇರುವ ಕಂಪ್ಯೂಟರಿಗೆ ಒಯ್ದು ‘ಆರ್ಕೈವ್ ಕೆಟ್ಟಿದೆ’ ಅಂತ ತೀರ್ಮಾನಿಸುವ ಮುಂಚೆ ಅಲ್ಲಿನ ಆವೃತ್ತಿ ನೋಡಿ. ಇನ್‌ಸ್ಟಾಲರ್ ಫೈಲನ್ನೂ ಅದೇ ಡಿಸ್ಕ್‌ನಲ್ಲಿ ಇಟ್ಟರೆ ಆ ಪ್ರಶ್ನೆಯೇ ಬರುವುದಿಲ್ಲ.